ಅರ್ಧ ಪೆಟ್ಟಿಗೆಯ ಲೆಕ್ಕ

ಹದಿನೇಳನೆಯ ತಾರೀಖು, ಮಂಗಳವಾರ
ಊಟದ ನಂತರ, ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಚೂಟಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಎಡ ಮೊಣಕಾಲು ಮತ್ತು ಈ ಪತ್ರ, ಇವೆರಡನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಕ್ಷೇಮ ಎಂದು ತಿಳಿದುಕೋ. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆಂದಿರಬಹುದು. ಹದಿನಾಲ್ಕು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಆಗುವುದಕ್ಕೆ ಈ ಮನೆಯಲ್ಲಿ ಉಳಿದಿರುವುದು ನಾನೊಬ್ಬಳೇ.

ನಿನ್ನಣ್ಣ ಹೋಗಿ ಎರಡು ವರ್ಷವಾಯಿತು. ಅವರ ಕೆಲಸದ ಕೋಣೆ ಹಾಗೇ ಇದೆ. ಹಲ್ಲಿನ ಸೆಟ್ಟು ಮಾಡುವವರ ಕೋಣೆ ಖಾಲಿ ಮಾಡುವುದು ಸುಲಭವಲ್ಲ ಕಣೆ. ಕಪಾಟಿನಲ್ಲಿ ಮೂವತ್ತೊಂದು ಜೊತೆ ಪ್ಲಾಸ್ಟರ್ ದವಡೆಗಳು ಬಾಯಿ ಬಿಟ್ಟುಕೊಂಡು ಕೂತಿವೆ. ಮನೆ ತುಂಬ ಬಾಯಿ, ಮಾತಾಡುವವರು ಮಾತ್ರ ಇಲ್ಲ. ಬೆಳಿಗ್ಗೆ ಹಾಲು ಕಾಯಿಸುವಾಗ ರೇಡಿಯೋ ಹಾಕಿದರೆ ಆಫೀಸಿಗೆ ಹೊರಡುವಾಗ ಅದನ್ನು ಆರಿಸುವುದಿಲ್ಲ. ಸಂಜೆ ಬೀಗ ತೆಗೆದಾಗ ಒಳಗೆ ಯಾರೋ ಮಾತಾಡುತ್ತಿರಲಿ ಎಂಬ ಆಸೆ. ಅದನ್ನು ನೀನು ನೋಡಿದ್ದರೆ ನಗುತ್ತಿದ್ದೆ, ಆಮೇಲೆ ನೀನೇ ಹೋಗಿ ಶಬ್ದ ಕೊಂಚ ಹೆಚ್ಚಿಸುತ್ತಿದ್ದೆ.

ಈ ತಿಂಗಳ ಕೊನೆಗೆ ನಾನು ನಿವೃತ್ತಳಾಗುತ್ತೇನೆ. ಮೇಜು ಖಾಲಿ ಮಾಡುತ್ತಿದ್ದೇನೆ. ಹೋದ ವಾರ ನಮ್ಮ ಉಗ್ರಾಣದ ಮನುಷ್ಯ, ಅಂದರೆ ಗಣಕಯಂತ್ರದ ಹಳೆಯ ಲೆಕ್ಕಗಳ ಟೇಪುಗಳನ್ನು ಕಾಯುವ ಆ ಗಂಟುಮೋರೆಯವನೇ, ಫೋನು ಮಾಡಿದ. ಹಳೆಯ ಟೇಪುಗಳನ್ನೆಲ್ಲ ಇಪ್ಪತ್ತರ ಸಂಜೆ ಅಳಿಸಿಹಾಕುತ್ತಾರಂತೆ, ನನ್ನ ಹೆಸರಿನ ಮುಂದೆ ನಾಲ್ಕು ಟೇಪುಗಳಿವೆಯಂತೆ, ಇಟ್ಟುಕೊಳ್ಳಬೇಕಾದರೆ ಸಹಿ ಹಾಕಿ ಕೊಡಬೇಕಂತೆ. ಅವುಗಳಲ್ಲಿ ಏನಿದೆ ಎಂದೂ ಕೇಳಿದ. ನೋಡಿ ಹೇಳುತ್ತೇನೆ ಎಂದೆ. ನೋಡಬೇಕಾದ್ದೇನೂ ಇರಲಿಲ್ಲ. ಆಮೇಲೆ ಎರಡು ಸಲ ಮತ್ತೆ ಫೋನು ಮಾಡಿದ, ಎರಡು ಸಲವೂ ಅದೇ ಉತ್ತರ ಕೊಟ್ಟೆ.

ನಾನು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಇಪ್ಪತ್ತರ ಸಂಜೆಗೆ ಎಲ್ಲ ತಾನಾಗಿಯೇ ಅಳಿಸಿಹೋಗುತ್ತಿತ್ತು. ಸುಮ್ಮನಿರುವುದರಲ್ಲಿ ನನಗೆ ಹದಿನಾಲ್ಕು ವರ್ಷದ ಅಭ್ಯಾಸವಿದೆ. ಆದರೆ ಆ ನಾಲ್ಕು ಟೇಪುಗಳಲ್ಲಿ ಇರುವುದು ನಿನ್ನ ಲೆಕ್ಕ ಚೂಟಿ. ಅವುಗಳಲ್ಲಿ ಒಂದನ್ನು ಮಾತ್ರ ನೀನು ನೋಡಿದ್ದೀಯ. ಉಳಿದ ಮೂರರಲ್ಲಿ ಏನಿದೆ ಎನ್ನುವುದು ನಿನ್ನೆಯವರೆಗೆ ನನ್ನನ್ನು ಬಿಟ್ಟು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರಪಟ್ಟುಕೊಳ್ಳಬೇಡ. ಮೊದಲಿನಿಂದ ಸಾಲಾಗಿ ಬರೆಯದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ನಿನಗೆ ಎಂಟು ವರ್ಷ, ನನಗೆ ಇಪ್ಪತ್ನಾಲ್ಕು. ನಿನ್ನ ಜಡೆ ಹಾಕುತ್ತ ಮಗ್ಗಿ ಕಲಿಸಿದೆ. ಹದಿನೇಳರ ಮಗ್ಗಿ ಹೇಳುವಾಗ ನೀನು ಪ್ರತಿ ಸಲವೂ ತಲೆ ಅಲ್ಲಾಡಿಸುತ್ತಿದ್ದೆ, ಬೈತಲೆ ಓರೆಯಾಗುತ್ತಿತ್ತು. ಮುಂದೆ ನೀನು ಓದಿ ನಮ್ಮ ಸಂಸ್ಥೆಯ ಗಣಿತ ವಿಭಾಗಕ್ಕೇ ಸೇರಿದಾಗ ಇಡೀ ಆಫೀಸಿಗೆ ಸಿಹಿ ಹಂಚಿದವಳು ನಾನು. ನನ್ನ ನಾದಿನಿ ಎಂದು ಹೇಳುವುದಕ್ಕಿಂತ ನಾನು ತಯಾರು ಮಾಡಿದ ಹುಡುಗಿ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಹೆಚ್ಚು ಖುಷಿ. ಈಗ ಯೋಚಿಸಿದರೆ ತೊಂದರೆ ಅಲ್ಲೇ ಇತ್ತು.

ನಮ್ಮ ಕೆಲಸ ಏನೆಂದು ನಿನ್ನಣ್ಣನಿಗೆ ನೀನು ಹೇಳಿಕೊಟ್ಟ ಆ ಭಾನುವಾರ ನೆನಪಿದೆಯೇ? ಬಟ್ಟೆ ಒಗೆಯುವ ಮಿಷನ್ನಿಗೆ ದಪ್ಪ ಕಂಬಳಿ ಹಾಕಿದ್ದೆವು. ಅದು ಒಂದು ಪಕ್ಕಕ್ಕೆ ಮುದ್ದೆಯಾಗಿ, ಮಿಷನ್ನು ಗಡಗಡ ಎಂದು ಕುಣಿಯುತ್ತ ಬಚ್ಚಲಿನಿಂದ ಬಾಗಿಲವರೆಗೂ ನಡೆದುಬಂತು. ನಾವಿಬ್ಬರೂ ಓಡಿಹೋಗಿ ಅದರ ಮೇಲೆ ಹತ್ತಿ ಕೂತೆವು. ಕೂತಲ್ಲೇ ನೀನು ಅಣ್ಣನಿಗೆ ಪಾಠ ಶುರು ಮಾಡಿದೆ. ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ ಸುತ್ತುತ್ತ ಹತ್ತಿರವಾಗಿ ಕೊನೆಗೆ ಡಿಕ್ಕಿ ಹೊಡೆದು ಒಂದಾಗುತ್ತವೆ. ಆ ಹೊತ್ತಿನಲ್ಲಿ ಗುರುತ್ವದ ಅಲೆಗಳು ಹೊರಗೆ ಚಿಮ್ಮುತ್ತವೆ. ಎಲ್ಲ ದಿಕ್ಕಿಗೂ ಸಮನಾಗಿ ಚಿಮ್ಮಿದರೆ ತಂಟೆಯಿಲ್ಲ. ಒಂದು ಕಡೆಗೆ ಹೆಚ್ಚಾಗಿ ಹೋದರೆ, ಒಂದಾದ ಕುಳಿ ಎದುರು ದಿಕ್ಕಿಗೆ ಒದೆ ತಿಂದವರ ಹಾಗೆ ಹೊರಟುಬಿಡುತ್ತದೆ. ಒದೆ ಜೋರಾಗಿದ್ದರೆ ಅದು ಹುಟ್ಟಿದ ಗೆಲಾಕ್ಸಿಯನ್ನೇ ಬಿಟ್ಟು ಹೋಗುತ್ತದೆ. ಆ ಒದೆ ಎಷ್ಟು ಜೋರು ಎಂದು ಲೆಕ್ಕ ಹಾಕುವುದೇ ನಮ್ಮ ಕೆಲಸ. ನಿನ್ನಣ್ಣ ಎಲ್ಲ ಕೇಳಿ, ನಿಮ್ಮ ಕುಳಿಗಳಿಗಿಂತ ನನ್ನ ಗಿರಾಕಿಗಳ ಹಲ್ಲಿನ ಕುಳಿಗಳೇ ವಾಸಿ, ಕೂತಲ್ಲಿ ಕೂತಿರುತ್ತವೆ ಎಂದರು. ನೀನು ನಕ್ಕು ನಕ್ಕು ಮಿಷನ್ನಿನಿಂದ ಜಾರಿದೆ.

ಇನ್ನು ಅರ್ಧ ಪೆಟ್ಟಿಗೆ. ಆಕಾಶದ ಒಂದು ತುಂಡನ್ನು ಪೆಟ್ಟಿಗೆ ಎಂದುಕೊಂಡು, ಅದನ್ನು ಸಣ್ಣ ಸಣ್ಣ ಮನೆಗಳಾಗಿ ಭಾಗ ಮಾಡಿ, ಪ್ರತಿ ಮನೆಯ ಲೆಕ್ಕವನ್ನೂ ಗಣಕಯಂತ್ರಕ್ಕೆ ಕೊಡುತ್ತಿದ್ದೆವಲ್ಲ. ನಮ್ಮದು ಬಡ ಯಂತ್ರ. ಒಂದು ಡಿಕ್ಕಿಯ ಲೆಕ್ಕ ಮುಗಿಸಲು ದಿನಗಟ್ಟಲೆ ತಿನ್ನುತ್ತಿತ್ತು. ಕುಳಿಗಳು ಸುತ್ತುವ ಮಟ್ಟದಿಂದ ಮೇಲೆ ಏನಿದೆಯೋ ಕೆಳಗೂ ಅದೇ ಇರುತ್ತದೆ, ಹಾಗಾದರೆ ಮೇಲಿನ ಅರ್ಧವನ್ನು ಮಾತ್ರ ಲೆಕ್ಕ ಹಾಕೋಣ, ನೆಲಕ್ಕೆ ಒಂದು ಕನ್ನಡಿ ಹಾಸೋಣ ಎಂದು ಹೇಳಿದವಳು ನಾನು. ಸಮಯ ಅರ್ಧಕ್ಕೆ ಇಳಿಯಿತು. ದೊಡ್ಡ ಯಂತ್ರಗಳಿದ್ದವರ ಸಾಲಿನಲ್ಲಿ ನಮಗೂ ಒಂದು ಜಾಗ ಸಿಕ್ಕಿತು. ನಮ್ಮ ಅಂದಿನ ಮುಖ್ಯಸ್ಥರು ಸಭೆಯಲ್ಲಿ ನನ್ನನ್ನು ಅರ್ಧ ಪೆಟ್ಟಿಗೆಯ ತಾಯಿ ಎಂದು ಕರೆದರು. ನನಗೆ ಮಕ್ಕಳಿರಲಿಲ್ಲ. ಆ ಮಾತು ಎಲ್ಲಿಗೆ ಹೋಗಿ ಕೂತಿತು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಕುಳಿಗಳು ಬುಗುರಿಯ ಹಾಗೆ ತಮ್ಮಷ್ಟಕ್ಕೆ ತಾವೂ ತಿರುಗುತ್ತವೆ. ಬುಗುರಿ ನೆಟ್ಟಗೆ ನಿಂತಿರುವವರೆಗೆ ನನ್ನ ಕನ್ನಡಿ ಸರಿಯಾಗಿಯೇ ಇತ್ತು. ಆ ವರ್ಷ ಬುಗುರಿಗಳನ್ನು ಮಲಗಿಸಿ ಲೆಕ್ಕ ಹಾಕಿ ಎಂದು ಮುಖ್ಯಸ್ಥರು ಹೇಳಿದರು. ಮಲಗಿಸಿದೆ. ಆದರೆ ಮಲಗಿದ ಬುಗುರಿಗಳಿಗೆ ಮೇಲಿನದ್ದೂ ಕೆಳಗಿನದ್ದೂ ಒಂದೇ ಅಲ್ಲ, ಕನ್ನಡಿಯನ್ನು ತೆಗೆಯಬೇಕಿತ್ತು. ಮರೆತೆ. ಇದು ನಿಜವಾದ ಮರೆವು, ಇಲ್ಲಿಯವರೆಗೆ ನನ್ನ ಕೈ ಶುದ್ಧ. ಕನ್ನಡಿ ಇದ್ದ ಮೇಲೆ ಮೇಲಕ್ಕೆ ಎಷ್ಟು ಹೋಗುತ್ತದೋ ಕೆಳಕ್ಕೂ ಅಷ್ಟೇ ಹೋಗಬೇಕು, ಹಾಗಾಗಿ ಮೇಲೆ ಕೆಳಗಿನ ಒದೆ ಸೊನ್ನೆ ಎಂದೇ ಬಂತು. ಅದು ನಾವು ಕಂಡುಹಿಡಿದ ಸೊನ್ನೆಯಲ್ಲ, ನಾವೇ ಯಂತ್ರದ ಕೈಗೆ ಕೊಟ್ಟ ಸೊನ್ನೆ. ನಾನು ಅದನ್ನು ವರದಿಯಲ್ಲಿ ಬರೆದು ಸಹಿ ಹಾಕಿದೆ, ಮುಖ್ಯಸ್ಥರು ಹಾಕಿದರು. ಮೂರನೆಯ ಸಹಿ ನಿನ್ನದು. ನೀನು ಪೆನ್ನು ಮುಚ್ಚಿಟ್ಟೆ.

ಅವತ್ತು ನೀನು ನನ್ನ ಮೇಜಿನ ಹತ್ತಿರ ಬಂದು ಹೇಳಿದ್ದು ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ. "ಅತ್ತಿಗೆ, ನೆಲದ ಹತ್ರ ತಪ್ಪು ಗುಡ್ಡೆ ಬೀಳ್ತಿದೆ. ಅಲ್ಲೇನೋ ಕೆಳಗೆ ಇಳಿಯೋಕೆ ನೋಡ್ತಿದೆ, ನಾವು ಬಿಡ್ತಿಲ್ಲ."

ಅದು ಯಂತ್ರದ ಧೂಳು, ಲೆಕ್ಕದಲ್ಲಿ ಉದುರುವ ಚಿಲ್ಲರೆ ತಪ್ಪು ಎಂದು ನಾನು ಮೂಗು ಮುರಿದೆ. ಆ ಜಾಗದ ಅಂಕಿಗಳನ್ನು ಉಜ್ಜಿ ನಯ ಮಾಡಿದೆ. ನೀನು ಬಿಡಲಿಲ್ಲ. ಕನ್ನಡಿ ತೆಗೆದು ಪೂರ್ತಿ ಪೆಟ್ಟಿಗೆಯಲ್ಲಿ ಒಂದೇ ಒಂದು ಲೆಕ್ಕ ಮಾಡಿಸಿ, ಆಮೇಲೆ ಸಹಿ ಹಾಕುತ್ತೇನೆ ಎಂದೆ. ಮುಖ್ಯಸ್ಥರ ಮುಂದೆ ಎಂದೆ. ಅದೂ ಮೆಲ್ಲಗೆ, ಬಹುವಚನದಲ್ಲಿ, ಎಷ್ಟು ಮರ್ಯಾದೆಯಿಂದ ಕೇಳಬಹುದೋ ಅಷ್ಟು ಮರ್ಯಾದೆಯಿಂದ. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಅವರು ಒಂದು ಲೆಕ್ಕಕ್ಕೆ ಯಂತ್ರದ ಸಮಯ ಕೊಟ್ಟರು. ಮಾರನೆಯ ದಿನವೇ ನಿನಗೆ ಮಂಗಬಾವು.

ಹದಿನೈದು ದಿನ ನೀನು ಹಿಂದಿನ ಕೋಣೆಯಲ್ಲಿ ಕೆನ್ನೆ ಊದಿಸಿಕೊಂಡು ಮಲಗಿದ್ದೆ. ನಿನ್ನಣ್ಣ ಬಾಗಿಲಲ್ಲಿ ನಿಂತು, ನಿನ್ನ ಅಳತೆಗೆ ದವಡೆ ಮಾಡಲು ಒಂದು ಮೂಟೆ ಪ್ಲಾಸ್ಟರ್ ಬೇಕು ಎಂದು ರೇಗಿಸುತ್ತಿದ್ದರು. ಬಾಯಿ ತೆರೆಯಲು ಆಗದೆ ನೀನು ಎಲ್ಲವನ್ನೂ ಚೀಟಿಯಲ್ಲಿ ಬರೆಯುತ್ತಿದ್ದೆ. ನಾನು ಆಫೀಸಿನಿಂದ ಬಂದು ಬಿಸಿ ಹಾಲು ತಂದುಕೊಟ್ಟಾಗ ಪ್ರತಿ ಸಂಜೆಯೂ ಒಂದು ಚೀಟಿ ಮುಂದೆ ಬರುತ್ತಿತ್ತು. ಲೆಕ್ಕ ಎಲ್ಲಿಗೆ ಬಂತು, ಅತ್ತಿಗೆ? ನಡೆಯುತ್ತಿದೆ ಎಂದು ನಾನು ಹೇಳುತ್ತಿದ್ದೆ. ಆ ಚೀಟಿಗಳನ್ನು ಬಿಸಾಡಲಿಲ್ಲ. ಎಲ್ಲಿಟ್ಟಿದ್ದೇನೆ ಎಂದು ಕೇಳಬೇಡ.

ಲೆಕ್ಕ ಮೂರನೆಯ ದಿನವೇ ಮುಗಿದಿತ್ತು.

ಮಧ್ಯಾಹ್ನ ಹನ್ನೆರಡೂವರೆ. ಎಲ್ಲರೂ ಊಟಕ್ಕೆ ಹೋಗಿದ್ದರು. ಯಂತ್ರ ಕಾಗದ ಕಕ್ಕಿತು. ಮೇಲಿನ ದಿಕ್ಕಿಗೆ ಸೆಕೆಂಡಿಗೆ ಸಾವಿರದ ಒಂಬೈನೂರು ಕಿಲೋಮೀಟರ್. ಮೊದಲು ಬಂದದ್ದು ಸಂತೋಷ ಕಣೆ, ಸುಳ್ಳು ಹೇಳುವುದಿಲ್ಲ. ಎಷ್ಟು ದೊಡ್ಡ ಒದೆ, ನಮ್ಮ ಬಡ ಯಂತ್ರ ಅದನ್ನು ಹಿಡಿದಿದೆಯಲ್ಲ ಎಂಬ ಸಂತೋಷ. ಅದು ಹತ್ತು ನಿಮಿಷ ಇದ್ದಿರಬಹುದು. ಆಮೇಲೆ ಮೇಜಿನ ಮೇಲಿದ್ದ ವರದಿ ಕಣ್ಣಿಗೆ ಬಿತ್ತು, ಅದರ ಕೆಳಗೆ ನನ್ನ ಸಹಿ.

ಎಲ್ಲೋ ತಪ್ಪಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹವಾಮಾನ ವಿಭಾಗದವರ ಸರದಿ ಕೇಳಿ ಪಡೆದು ಎರಡನೆಯ ಸಲ ಮಾಡಿಸಿದೆ. ಆರಂಭದ ಕೋನ, ಅಂದರೆ ಕುಳಿಗಳನ್ನು ಯಾವ ಜಾಗದಿಂದ ಸುತ್ತಲು ಬಿಡುತ್ತೇವೆ ಎನ್ನುವುದನ್ನು, ಕೊಂಚ ಬದಲಿಸಿದೆ. ಈ ಸಲ ಕೆಳಗಿನ ದಿಕ್ಕಿಗೆ ಸಾವಿರದ ಇನ್ನೂರು. ಮೂರನೆಯ ಸಲ ಇನ್ನೊಂದು ಕೋನ, ಮೇಲಕ್ಕೆ ಎರಡು ಸಾವಿರದ ನಾನೂರು. ಜೋಕಾಲಿ ಆಡುವಾಗ ಯಾವ ಕ್ಷಣದಲ್ಲಿ ಹಗ್ಗ ಬಿಟ್ಟೆವು ಎನ್ನುವುದರ ಮೇಲೆ ಎಲ್ಲಿ ಬೀಳುತ್ತೇವೆ ಎನ್ನುವುದು ನಿಂತಿರುತ್ತದಲ್ಲ, ಇಲ್ಲೂ ಹಾಗೆ. ಎಲ್ಲಿಂದ ಶುರು ಮಾಡಿದೆವು ಎನ್ನುವುದರ ಮೇಲೆ ಒದೆ ಮೇಲಕ್ಕೂ ಇರಬಹುದು, ಕೆಳಕ್ಕೂ ಇರಬಹುದು, ನಡುವೆ ಒಂದು ಕಡೆ ಏನೂ ಇಲ್ಲದೆಯೂ ಇರಬಹುದು. ಇದು ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕನೆಯ ಸಲ ಕೋನ ಬದಲಿಸಿ ಬಿಟ್ಟಾಗ ಬಂದದ್ದು ಸೆಕೆಂಡಿಗೆ ಆರು ಕಿಲೋಮೀಟರ್. ಸೊನ್ನೆ ಎಂದೇ ಹೇಳಬಹುದು.

ನಾಲ್ಕರಲ್ಲಿ ಮೂರು ನಿನ್ನ ಪರ, ಒಂದು ನನ್ನ ಪರ. ನಾನು ಆ ಒಂದನ್ನು ಮಾತ್ರ ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಬಾವು ಇಳಿದು ನೀನು ಮೊದಲ ಸಲ ದಿಂಬಿಗೆ ಒರಗಿ ಕೂತ ಸಂಜೆ ಅದು. ಹಾಳೆಯನ್ನು ನಿನ್ನ ಮಡಿಲಿಗೆ ಹಾಕಿದೆ. ಪೂರ್ತಿ ಪೆಟ್ಟಿಗೆಯಲ್ಲೂ ಏನೂ ಇಲ್ಲ, ನೀನೇ ನೋಡು ಎಂದೆ. ನೀನು ಬಹಳ ಹೊತ್ತು ನೋಡಿದೆ. ಆರಂಭದ ಕೋನ ನಾನು ಬರೆದಿಟ್ಟದ್ದಲ್ಲವಲ್ಲ ಎಂದು ಕೇಳಿದೆ. ಸುತ್ತುತ್ತಲೇ ಇರುವುದಕ್ಕೆ ಎಲ್ಲಿಂದ ಶುರು ಮಾಡಿದರೇನು ಎಂದು ನಾನು ನಕ್ಕೆ. ನೀನು ಹೌದೆಂದು ತಲೆಯಾಡಿಸಿದೆ. ನಿನಗೆ ಜಡೆ ಹಾಕಿದವಳು ಹೇಳಿದರೆ ನೀನು ತಲೆಯಾಡಿಸದೆ ಇರುತ್ತೀಯಾ? ಮಾರನೆಯ ವಾರ ನೀನು ವರದಿಗೆ ಸಹಿ ಹಾಕಿದೆ. ಅದಾಗಿ ತಿಂಗಳಿಗೆ ರಾಜೀನಾಮೆ ಕೊಟ್ಟೆ. ಧೂಳಿಗೂ ಸತ್ಯಕ್ಕೂ ವ್ಯತ್ಯಾಸ ತಿಳಿಯದವಳು ಈ ಕೆಲಸದಲ್ಲಿ ಇರಬಾರದು ಎಂದು ಅದರಲ್ಲಿ ಬರೆದಿದ್ದೆ. ನಾನು ಅದನ್ನು ಮುಖ್ಯಸ್ಥರ ಟೇಬಲ್ಲಿಗೆ ನನ್ನ ಕೈಯಾರೆ ತಲುಪಿಸಿದೆ.

ಯಾಕೆ ಎಂದು ಕೇಳುತ್ತೀಯ. ನಾನೂ ಕೇಳಿಕೊಂಡಿದ್ದೇನೆ. ವಿಭಾಗದ ಮುಖ್ಯಸ್ಥೆಯ ಕುರ್ಚಿ ನನಗೆ ಬರುವುದರಲ್ಲಿತ್ತು, ಅದೊಂದು ಕಾರಣ. ಅರ್ಧ ಪೆಟ್ಟಿಗೆ ಸುಳ್ಳಾದರೆ ನನ್ನದು ಅಂತ ಏನು ಉಳಿಯುತ್ತದೆ ಎಂಬ ಹೆದರಿಕೆ ಇನ್ನೊಂದು. ಆದರೆ ಅವೆರಡೂ ಸೇರಿದರೂ ಪೂರ್ತಿ ಆಗುವುದಿಲ್ಲ. ಹೊಟ್ಟೆಕಿಚ್ಚು ಚೂಟಿ. ನಾನು ಮಗ್ಗಿ ಕಲಿಸಿದ ಹುಡುಗಿ ನನಗೆ ಕಾಣದ್ದನ್ನು ಕಂಡಳು, ಅದೂ ನನ್ನ ಮನೆಯ ನೆಲದಲ್ಲೇ. ಊಟಕ್ಕೆ ಕೂತಾಗ ನಿನ್ನಣ್ಣ ನಿನ್ನ ಬುದ್ಧಿಯನ್ನು ಹೊಗಳಿದರೆ ನಾನೂ ಹೊಗಳುತ್ತಿದ್ದೆ, ಹೊಗಳಿ ಎದ್ದುಹೋಗಿ ಪಾತ್ರೆ ತೊಳೆಯುತ್ತಿದ್ದೆ. ನಿನ್ನನ್ನು ಎಷ್ಟು ಪ್ರೀತಿಸುತ್ತಿದ್ದೆನೋ ಅಷ್ಟೇ ಹೊಟ್ಟೆಕಿಚ್ಚೂ ಇತ್ತು. ಎರಡೂ ಒಂದೇ ಕಡೆ ಹೇಗಿದ್ದವು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎರಡು ವರ್ಷ ಕಳೆದ ಮೇಲೆ ಬೇರೆಯವರು, ದೊಡ್ಡ ಯಂತ್ರಗಳವರು, ಇಂಥ ಒದೆ ಇದೆ ಎಂದು ತೋರಿಸಿದರು. ನಮ್ಮ ವರದಿಯನ್ನು ಯಾರೂ ತಿರುಗಿ ನೋಡಲಿಲ್ಲ, ಅದು ಕಪಾಟಿನ ಹಿಂದೆ ಬಿದ್ದ ಹಾಳೆಯ ಹಾಗೆ ಮರೆತುಹೋಯಿತು. ನೀನು ಆಗಲೇ ದೂರದ ಊರಿನಲ್ಲಿ ಬಸ್ಸುಗಳ ವೇಳಾಪಟ್ಟಿ ಮಾಡುವ ಕೆಲಸಕ್ಕೆ ಸೇರಿದ್ದೆ. ಸುದ್ದಿ ನಿನ್ನ ಕಿವಿಗೂ ಬಿದ್ದಿರುತ್ತದೆ. ಬಿದ್ದರೂ, ನಮ್ಮ ಪೂರ್ತಿ ಪೆಟ್ಟಿಗೆಯಲ್ಲಿ ಬರಲಿಲ್ಲವಲ್ಲ, ನಾನೇ ಬುಗುರಿಗಳನ್ನು ತಪ್ಪಾಗಿ ಮಲಗಿಸಿರಬೇಕು ಎಂದು ನಿನ್ನನ್ನೇ ನೀನು ಬೈದುಕೊಂಡಿರುತ್ತೀಯ. ನಿನ್ನ ಬುದ್ಧಿಯೂ ನನಗೆ ಗೊತ್ತು.

ಅಣ್ಣನಿಗೆ ನೀನು ವರ್ಷಕ್ಕೊಂದು ಕಾರ್ಡು ಬರೆಯುತ್ತಿದ್ದೆ, ಮೂರು ಸಾಲು. ಮೂರನೆಯ ಸಾಲು ಯಾವಾಗಲೂ ಅತ್ತಿಗೆಗೆ ನಮಸ್ಕಾರ. ಅವರು ಅದನ್ನು ಗಟ್ಟಿಯಾಗಿ ಓದುವಾಗ ನಾನು ಒಲೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಅವರು ಒಮ್ಮೆ, ನೀವಿಬ್ಬರು ಯಾಕೆ ಹೀಗಾದಿರಿ ಎಂದು ಕೇಳಿದರು. ನಿಮ್ಮ ತಂಗಿಗೆ ನಮ್ಮ ಕೆಲಸ ಹಿಡಿಸಲಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಆಮೇಲೆ ಮತ್ತೆಂದೂ ಕೇಳಲಿಲ್ಲ.

ಅವರು ಹೋದ ದಿನ ನೀನು ಬಂದೆ. ಹನ್ನೆರಡು ವರ್ಷದ ಮೇಲೆ ಮೊದಲ ಸಲ ಈ ಮನೆಯ ಮೆಟ್ಟಿಲು ಹತ್ತಿದೆ. ಅಂದೇ ಹೇಳಿಬಿಡಬೇಕು ಎಂದು ಎಲ್ಲರೂ ಹೊರಡುವುದನ್ನೇ ಕಾಯುತ್ತಿದ್ದೆ. ನೀನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದೆಯೇ ಬಂದೆ. ಊಟ ಮಾಡಿಕೊಂಡು ಹೋಗು ಎಂದೆ. ಬಸ್ಸಿದೆ ಎಂದೆ ನೀನು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತನ್ನು ಇಲ್ಲಿ ಬರೆಯುತ್ತೇನೆ, ಅದನ್ನು ಹೇಳಿದ್ದು ನಿನಗೆ ಮರೆತಿರಬಹುದು.

"ಅತ್ತಿಗೆ, ಅವತ್ತು ನಾನು ಎಲ್ಲರ ಮುಂದೆ ನಿಮ್ಮ ಹೆಸರು ಕೆಡಿಸೋಳಿದ್ದೆ. ನೀವು ಬೈಲಿಲ್ಲ, ಹಾಳೆ ತಂದು ತೋರಿಸಿದ್ರಿ. ಆ ಉಪಕಾರ ನಾನು ಮರ್ತಿಲ್ಲ."

ನನ್ನ ಗಂಡ ಹೋದ ದಿನ ನಾನು ಅತ್ತದ್ದು ಆ ಮಾತಿಗೆ. ಬಂದವರೆಲ್ಲ ಅವರಿಗಾಗಿ ಅಳುತ್ತಿದ್ದಾಳೆ ಎಂದುಕೊಂಡು ನನ್ನ ಬೆನ್ನು ಸವರಿದರು. ನೀನೂ ಸವರಿದೆ. ನಾನು ಕಣ್ಣೊರೆಸಿಕೊಂಡು ಯಾವ ಬಸ್ಸು ಎಂದು ಕೇಳಿದೆ, ನಾಲ್ಕೂ ಹತ್ತರದು ಎಂದು ಹೇಳಿ ನೀನು ಹೊರಟೆ. ಬೀದಿಯ ತಿರುವಿನಲ್ಲಿ ನೀನು ಒಂದು ಸಲ ಹಿಂತಿರುಗಿ ನೋಡಿದೆ. ನಾನು ಗೇಟಿನ ಚಿಲಕ ಸರಿಮಾಡುವವಳ ಹಾಗೆ ತಲೆ ತಗ್ಗಿಸಿದೆ.

ಮಲಗಿದ ಬುಗುರಿಗಳ ಲೆಕ್ಕ ಶುರುವಾದ ಹೊಸದರಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ. ಒದೆ ತಿಂದು ಹೋದ ಕುಳಿ ಆಮೇಲೆ ಏನಾಗುತ್ತದೆ ಅತ್ತಿಗೆ ಎಂದು. ನಮ್ಮ ಪೆಟ್ಟಿಗೆ ಅಲ್ಲಿಗೆ ಮುಗಿಯಿತು, ಆಮೇಲಿನದು ನಮ್ಮ ಕೆಲಸವಲ್ಲ ಎಂದು ನಾನು ಹೇಳಿದ್ದೆ. ಈಗ ಸಂಜೆ ಹೊತ್ತು ಕೆಲಸವಿಲ್ಲದಾಗ ಅದನ್ನೇ ಯೋಚಿಸುತ್ತೇನೆ. ಅದು ಹೋಗುತ್ತಲೇ ಇರುತ್ತದೆ. ತಡೆಯಲು ಎದುರಿಗೆ ಯಾರೂ ಇಲ್ಲ. ತೀರಾ ಹತ್ತಿರ ಇದ್ದ ಕೆಲವು ನಕ್ಷತ್ರಗಳು ಮಾತ್ರ ಜೊತೆಗೆ ಹೋಗುತ್ತವೆ, ಮಿಕ್ಕವೆಲ್ಲ ಹಿಂದೆ ಉಳಿಯುತ್ತವೆ. ಜೊತೆಗೆ ತಂದ ಅನಿಲ ಇರುವವರೆಗೆ ಕೊಂಚ ಬೆಳಕು, ಅದೂ ಮುಗಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಬಿಟ್ಟುಬಂದ ಗೆಲಾಕ್ಸಿಯ ನಡುವೆ ಒಂದು ಖಾಲಿ ಜಾಗ. ಇಷ್ಟು ವರ್ಷ ಒದೆ ತಿಂದು ಹೋದವಳು ನೀನು ಎಂದುಕೊಂಡಿದ್ದೆ. ಅಲ್ಲಿ ನಿನಗೆ ಕೆಲಸವಿದೆ, ಗೆಳತಿಯರಿದ್ದಾರೆ, ಬಸ್ ನಿಲ್ದಾಣದವರೆಲ್ಲ ಟೈಮಮ್ಮ ಎಂದು ಕರೆಯುತ್ತಾರೆ ಎಂದು ನಿನ್ನಣ್ಣ ಹೇಳಿದ್ದರು. ಇಲ್ಲಿ ಮನೆಯೊಳಗೆ ಕೂತೇ ನಾನು ಎಲ್ಲರಿಂದಲೂ ದೂರ ಹೋಗಿದ್ದೇನೆ. ಇಂಥ ಹೋಲಿಕೆಗಳನ್ನು ಮಾಡಬೇಡಿ, ಲೆಕ್ಕಕ್ಕೆ ಅವಮಾನ ಎಂದು ನಾನೇ ಹೊಸಬರಿಗೆ ಹೇಳುತ್ತಿದ್ದವಳು. ಬಿಡು.

ನಿನ್ನೆ ಎಲ್ಲವನ್ನೂ ಎರಡು ಪುಟ ಬರೆದು ನಮ್ಮ ಹೊಸ ಮುಖ್ಯಸ್ಥೆಯ ಮುಂದಿಟ್ಟೆ. ಮೂವತ್ತೈದರ ಹುಡುಗಿ, ಚುರುಕು. ನನ್ನನ್ನು ಮನೆಗೆ ಕಳಿಸುತ್ತಾಳೆ, ಬೀಳ್ಕೊಡುಗೆ ರದ್ದು ಮಾಡುತ್ತಾಳೆ, ಹತ್ತು ಜನರ ಮುಂದೆ ಕೇಳುತ್ತಾಳೆ ಎಂದೆಲ್ಲ ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವಳು ಓದಿದಳು, ಚಹಾ ತರಿಸಿದಳು. "ಆ ವರದಿ ಯಾರಿಗೂ ನೆನಪೇ ಇಲ್ಲ ಮೇಡಂ. ಈಗ ಯಾಕೆ ನಿಮಗೆ ಈ ಕಷ್ಟ?" ಎಂದಳು. ನಿಜವಾಗಿ ಮರುಕದಿಂದಲೇ ಕೇಳಿದಳು. ಜಗತ್ತಿನಲ್ಲಿ ಈ ತಪ್ಪು ಬೇಕಾಗಿರುವವರು ಇಬ್ಬರೇ, ಒಬ್ಬಳು ನಾನು ಎಂದು ಹೇಳಿ ಚಹಾ ಕುಡಿದು ಬಂದೆ. ಆ ಎರಡು ಪುಟವನ್ನು ವರದಿಯ ಜೊತೆ ಲಗತ್ತಿಸುವುದಾಗಿ ಮಾತು ಕೊಟ್ಟಿದ್ದಾಳೆ. ಅದರಲ್ಲಿ ಒದೆಯನ್ನು ಮೊದಲು ಗುರುತಿಸಿದವರು ಎಂಬ ಜಾಗದಲ್ಲಿ ನಿನ್ನ ಹೆಸರಿದೆ. ಅಲ್ಲಿಂದ ನೇರ ಉಗ್ರಾಣಕ್ಕೆ ಹೋಗಿ ಟೇಪು ಉಳಿಸಲು ಸಹಿ ಹಾಕಿದೆ. ಗಂಟುಮೋರೆಯವನಿಗೆ ಮೂರು ಸಲ ಫೋನು ಮಾಡಿಸಿದ ಕೋಪ ಇನ್ನೂ ಇತ್ತು.

ನಾಲ್ಕೂ ಲೆಕ್ಕಗಳ ನಕಲನ್ನು ಒಂದು ಸಣ್ಣ ಡಿಸ್ಕಿನಲ್ಲಿ ಹಾಕಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ನೀನು ಸರಿಯಾಗಿಯೇ ನೋಡಿದ್ದೆ. ನೆಲದ ಹತ್ತಿರ ಏನೋ ಕೆಳಗೆ ಇಳಿಯಲು ನೋಡುತ್ತಿತ್ತು, ನಾವು ಬಿಡುತ್ತಿರಲಿಲ್ಲ. ಧೂಳಿಗೂ ಸತ್ಯಕ್ಕೂ ಇರುವ ವ್ಯತ್ಯಾಸ ಆ ಕಟ್ಟಡದಲ್ಲಿ ಗೊತ್ತಿದ್ದವಳು ನೀನೊಬ್ಬಳೇ. ಇಪ್ಪತ್ತೊಂಬತ್ತು ವರ್ಷದ ಹುಡುಗಿಗೆ ಸೇರಬೇಕಾಗಿದ್ದ ಈ ಒಂದು ಮಾತನ್ನು ನಿನಗೆ ನಲವತ್ಮೂರು ದಾಟುವವರೆಗೆ ನಾನು ಹಿಡಿದಿಟ್ಟುಕೊಂಡೆ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ಉಪಕಾರ ಎಂಬ ಆ ಮಾತನ್ನು ಮಾತ್ರ ದಯವಿಟ್ಟು ವಾಪಸ್ಸು ತೆಗೆದುಕೋ.

ಉತ್ತರ ಬರೆಯಲೇಬೇಕೆಂದು ಇಲ್ಲ. ಬೈದು ಬರೆದರೂ ಸಂತೋಷ. ಮೂರು ಸಾಲಿನ ಕಾರ್ಡು ಬರೆದು, ಮೂರನೆಯ ಸಾಲು ಬಿಟ್ಟರೂ ನನಗೆ ಅರ್ಥವಾಗುತ್ತದೆ. ಮುಂದಿನ ತಿಂಗಳಿನಿಂದ ನಾನು ದಿನವಿಡೀ ಮನೆಯಲ್ಲೇ ಇರುತ್ತೇನೆ. ಮಂಡಿ ನೋವಿದ್ದರೂ ಕರೆಗಂಟೆಗೆ ಬೇಗ ಎದ್ದು ಬರುತ್ತೇನೆ. ಹಿಂದಿನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿಸಿದ್ದೇನೆ, ಅದು ನಿನಗಾಗಿ ಎಂದು ಹೇಳಿದರೆ ನನ್ನದು ಅತಿಯಾಗುತ್ತದೆ.

ನಿನ್ನ ಅತ್ತಿಗೆ ಎಂದು ಸಹಿ ಮಾಡಲು ಕೈ ತಡೆಯಿತು. ಆ ಹೆಸರು ಇನ್ನೂ ನನ್ನದೋ ಅಲ್ಲವೋ, ಅದನ್ನು ನೀನೇ ಹೇಳಬೇಕು. ಅಲ್ಲಿಯವರೆಗೆ,

ಇಂತಿ,
ನಿನ್ನಣ್ಣನ ಹೆಂಡತಿ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿದ್ದರೆ ಅದಕ್ಕೇ. ಮೇಲೆ ಒಂದು ಕಡೆ ನುಣುಚಿಕೊಂಡಿದ್ದೇನೆ. ನಾಲ್ಕನೆಯ ಸಲ ಕೋನ ಬದಲಿಸಿದಾಗ ಸೊನ್ನೆ ಬಂತು ಎಂದು, ಅದೇನೋ ಅದೃಷ್ಟ ಎನ್ನುವ ಹಾಗೆ ಬರೆದಿದ್ದೇನೆ. ಅದು ತಾನಾಗಿ ಬಂದದ್ದಲ್ಲ ಚೂಟಿ. ಮೂರು ಲೆಕ್ಕಗಳ ಅಂಕಿಗಳನ್ನು ಮುಂದಿಟ್ಟುಕೊಂಡು, ಒದೆ ಯಾವ ಕೋನಕ್ಕೆ ಹೇಗೆ ಏರಿ ಇಳಿಯುತ್ತದೆ ಎಂಬ ನಿಯಮವನ್ನು ಒಂದು ಇಡೀ ದಿನ ಕೂತು ಕಂಡುಹಿಡಿದೆ. ಆ ನಿಯಮದಿಂದ ಸೊನ್ನೆ ಬೀಳುವ ಕೋನ ಎಲ್ಲಿದೆ ಎಂದು ಲೆಕ್ಕ ಹಾಕಿದೆ. ಆಮೇಲೆ ನಿನಗೆ ತೋರಿಸುವುದಕ್ಕೆಂದೇ ಆ ಕೋನದಲ್ಲಿ ನಾಲ್ಕನೆಯದನ್ನು ಮಾಡಿಸಿದೆ. ಯಂತ್ರ ಕೊಟ್ಟ ಉತ್ತರಕ್ಕೂ ನಾನು ಮೊದಲೇ ಕಾಗದದ ಮೇಲೆ ಬರೆದಿಟ್ಟದ್ದಕ್ಕೂ ಇದ್ದ ಅಂತರ ಆರೇ ಕಿಲೋಮೀಟರ್. ನನ್ನ ಮೂವತ್ತಾರು ವರ್ಷದ ಕೆಲಸದಲ್ಲಿ ಅಷ್ಟು ಕರಾರುವಾಕ್ಕಾದ ಲೆಕ್ಕವನ್ನು ನಾನು ಮತ್ತೊಂದು ಮಾಡಿಲ್ಲ, ಅದನ್ನು ಯಾರಿಗೂ ತೋರಿಸಲೂ ಇಲ್ಲ.